ಗೆರೆಗಳನ್ನು ಓದಿದ ಆಸ್ಟನ್

ಶಿಷ್ಯನ ಶೋಧವನ್ನು ಗುರುವೇ ಒಪ್ಪದಿದ್ದ ಪ್ರಸಂಗಗಳು ವಿಜ್ಞಾನದ ಇತಿಹಾಸದಲ್ಲಿ ವಿರಳವೇನಲ್ಲ. ಅಂಥದೊಂದು ಪ್ರಸಂಗ 1921ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನಡೆಯಿತು. ಚರ್ಚೆಯನ್ನು ಆರಂಭಿಸಿದವರು ಎಲೆಕ್ಟ್ರಾನನ್ನು ಕಂಡುಹಿಡಿದು ಜಗದ್ವಿಖ್ಯಾತರಾಗಿದ್ದ ಸರ್ ಜೆ. ಜೆ. ಥಾಮ್ಸನ್. ಅವರು ಸಂಶಯದಿಂದ ನೋಡಿದ್ದು ತಮ್ಮ ಪ್ರಯೋಗಾಲಯದಲ್ಲಿಯೇ ಸಹಾಯಕರಾಗಿ ದುಡಿದಿದ್ದ ಫ್ರಾನ್ಸಿಸ್ ವಿಲಿಯಂ ಆಸ್ಟನ್ನರ ಕೆಲಸವನ್ನು. ವಿವಾದಕ್ಕೆ ಕಾರಣವಾದದ್ದು ಕಿರಿದಾದ ಛಾಯಾಚಿತ್ರ ಫಲಕದ ಮೇಲೆ ಮೂಡಿದ್ದ ಕೆಲವು ಕಪ್ಪು ಗೆರೆಗಳು.

ಕ್ಲೋರಿನ್ ಬೆರೆತ ಅನಿಲವನ್ನು ಆಸ್ಟನ್ ತಮ್ಮ ಉಪಕರಣದೊಳಗೆ ಬಿಟ್ಟಾಗ 35, 36, 37, 38 ಎಂಬ ನಾಲ್ಕು ತೂಕಗಳ ಸ್ಥಾನದಲ್ಲಿ ಗೆರೆಗಳು ಕಾಣಿಸಿದ್ದವು. ರಸಾಯನಶಾಸ್ತ್ರದ ಪುಸ್ತಕಗಳು ಹೇಳುತ್ತಿದ್ದ ಕ್ಲೋರಿನ್ನಿನ ಪರಮಾಣು ತೂಕ 35.46. ಆ ಸ್ಥಾನದಲ್ಲಿ ಮಾತ್ರ ಏನೂ ಇರಲಿಲ್ಲ. ಕ್ಲೋರಿನ್ ಪರಮಾಣುಗಳಲ್ಲಿ 35 ಮತ್ತು 37 ಎಂಬ ಎರಡು ಬಗೆಗಳಿವೆ, 35.46 ಎಂಬುದು ಕೇವಲ ಅವುಗಳ ಸರಾಸರಿ ಎಂಬುದು ಆಸ್ಟನ್ನರ ಓದು. ಜಲಜನಕದ ಪರಮಾಣುಗಳು ಅಂಟಿಕೊಂಡಿರುವುದರಿಂದಲೂ ಇಂಥ ಹೆಚ್ಚುವರಿ ಗೆರೆಗಳು ಹುಟ್ಟಬಹುದಲ್ಲವೇ ಎಂಬುದು ಥಾಮ್ಸನ್ನರ ಶಂಕೆ. 35ಕ್ಕೆ ಎರಡು ಜಲಜನಕ ಸೇರಿದರೆ 37 ತಾನೆ? ಗೆರೆ ಒಂದೇ, ಅರ್ಥ ಎರಡು. ಇವುಗಳಲ್ಲಿ ಯಾವುದು ಸರಿಯೆಂದು ನಿರ್ಧರಿಸುವುದು ಹೇಗೆ?

ಔಷಧ ಕಾರ್ಖಾನೆಗಳಲ್ಲಿ, ಕ್ರೀಡಾಪಟುಗಳ ಮದ್ದು ಪರೀಕ್ಷೆಯಲ್ಲಿ, ತರಕಾರಿಯಲ್ಲಿ ಉಳಿದ ಕೀಟನಾಶಕವನ್ನು ಪತ್ತೆ ಹಚ್ಚುವ ಪ್ರಯೋಗಾಲಯಗಳಲ್ಲಿ ಇಂದಿಗೂ ಪ್ರತಿದಿನ ಕೇಳಲಾಗುವ ಪ್ರಶ್ನೆ ಇದೇ. ಸಾವಯವ ಸಂಯುಕ್ತವೊಂದನ್ನು ಒಡೆದು ಅದರ ತುಣುಕುಗಳನ್ನು ತೂಕಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿದಾಗ ಮೂಡುವ ಚಿತ್ರವೇ ದ್ರವ್ಯರಾಶಿ ರೋಹಿತ, ಅಂದರೆ ಮಾಸ್ ಸ್ಪೆಕ್ಟ್ರಂ. ಅದನ್ನು ಓದುವ ವಿದ್ಯೆಯ ಮೊದಲ ಪಾಠಗಳಲ್ಲಿ ಹಲವು ಆಸ್ಟನ್ನರ ಕೊಡುಗೆ. ಸೋಜಿಗವೆಂದರೆ ಅವರ ಗುರಿ ಸಾವಯವ ಸಂಯುಕ್ತಗಳಾಗಿರಲಿಲ್ಲ.

ಆಸ್ಟನ್ ಹುಟ್ಟಿದ್ದು 1877ರ ಸೆಪ್ಟೆಂಬರ್ 1ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಹಾರ್ಬೋರ್ನ್‌ನಲ್ಲಿ. ತಂದೆ ಲೋಹದ ವ್ಯಾಪಾರಿ, ಜೊತೆಗೆ ಕೃಷಿಕರು. ತಾಯಿ ಬಂದೂಕು ತಯಾರಕರ ಮನೆತನದವರು. ಏಳು ಮಕ್ಕಳಲ್ಲಿ ಮೂರನೆಯವರಾದ ಆಸ್ಟನ್ ಮಾಲ್ವರ್ನ್ ಕಾಲೇಜಿನಲ್ಲಿ ಕಲಿತು, 1893ರಲ್ಲಿ ಬರ್ಮಿಂಗ್‌ಹ್ಯಾಮಿನ ಮೇಸನ್ ಕಾಲೇಜು ಸೇರಿದರು. ಅವರ ಮೊದಲ ಸಂಶೋಧನೆ ಟಾರ್ಟಾರಿಕ್ ಆಮ್ಲದ ಸಂಯುಕ್ತಗಳು ಬೆಳಕಿನ ಮೇಲೆ ಬೀರುವ ಪ್ರಭಾವವನ್ನು ಕುರಿತದ್ದು. ಪ್ರೊಫೆಸರ್ ಫ್ರಾಂಕ್‌ಲ್ಯಾಂಡರ ಕೈಕೆಳಗೆ ನಡೆದ ಈ ಕೆಲಸ ಅಪ್ಪಟ ಸಾವಯವ ರಸಾಯನಶಾಸ್ತ್ರ. ಆಮೇಲೆ ಹುದುಗುವಿಕೆಯ ರಸಾಯನವನ್ನು ಕಲಿತು ವುಲ್ವರ್‌ಹ್ಯಾಂಪ್ಟನ್ನಿನ ಬಿಯರ್ ಕಾರ್ಖಾನೆಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿದರು.

ಅವರ ನಿಜವಾದ ಒಲವು ಕೈಗೆಲಸದ ಕಡೆಗಿತ್ತು. ಗಾಜು ಊದಿ ಕೊಳವೆಗಳನ್ನು ಮಾಡುವುದು, ಮನೆಯಲ್ಲೇ ನಿರ್ವಾತ ಪಂಪುಗಳನ್ನು ಕಟ್ಟುವುದು ಅವರ ಬಿಡುವಿನ ವೇಳೆಯ ಹವ್ಯಾಸ. ಎಕ್ಸ್ ಕಿರಣಗಳ ಶೋಧದಿಂದ ಯುರೋಪಿನ ವಿಜ್ಞಾನಲೋಕವೇ ಸಂಚಲನಗೊಂಡಿದ್ದ ಕಾಲ ಅದು. 1903ರಲ್ಲಿ ಅವರು ಬಿಯರಿನ ಪೀಪಾಯಿಗಳನ್ನು ಬಿಟ್ಟು ಭೌತಶಾಸ್ತ್ರಕ್ಕೆ ಮರಳಿದರು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸಿದಾಗ ಋಣಧ್ರುವದ ಪಕ್ಕದಲ್ಲೇ ಕಾಣುವ ಸಣ್ಣದೊಂದು ಕತ್ತಲ ಪಟ್ಟಿಯನ್ನು ಅವರು ಗುರುತಿಸಿದರು. ಅದಕ್ಕೆ ಇಂದಿಗೂ ಆಸ್ಟನ್ ಕತ್ತಲ ವಲಯವೆಂದೇ ಹೆಸರು. 1910ರಲ್ಲಿ ಥಾಮ್ಸನ್ ಅವರನ್ನು ಕೇಂಬ್ರಿಜಿನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಕರೆಸಿಕೊಂಡರು.

ಥಾಮ್ಸನ್ ಆಗ ಧನಕಿರಣಗಳ ಹಿಂದೆ ಬಿದ್ದಿದ್ದರು. ಎಲೆಕ್ಟ್ರಾನು ಕಳೆದುಕೊಂಡ ಅಣು ಪರಮಾಣುಗಳು ಧನ ವಿದ್ಯುದಾವೇಶ ಪಡೆದು ಧಾವಿಸುತ್ತವೆ. ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಮೂಲಕ ಹಾಯಿಸಿದರೆ ಅವು ತೂಕಕ್ಕೆ ತಕ್ಕಂತೆ ಬೇರೆಬೇರೆಯಾಗಿ ಬಾಗಿ, ಛಾಯಾಚಿತ್ರ ಫಲಕದ ಮೇಲೆ ಕಮಾನಿನಂಥ ಗೆರೆಗಳನ್ನು ಬರೆಯುತ್ತವೆ. ರಸಾಯನಶಾಸ್ತ್ರಜ್ಞರಿಗೆ ಇದಕ್ಕಿಂತ ಒಳ್ಳೆಯ ವಿಶ್ಲೇಷಣಾ ವಿಧಾನ ಸಿಗಲಾರದೆಂದು ಥಾಮ್ಸನ್ 1913ರ ತಮ್ಮ ಪುಸ್ತಕದಲ್ಲಿ ಒತ್ತಿ ಬರೆದರು. ಅತ್ಯಲ್ಪ ಪ್ರಮಾಣದ ವಸ್ತು ಸಾಕು, ಅದು ಶುದ್ಧವಾಗಿರಬೇಕೆಂಬ ನಿರ್ಬಂಧವೂ ಇಲ್ಲ ಎಂಬುದು ಅವರ ವಾದ. ರಸಾಯನಶಾಸ್ತ್ರಜ್ಞರು ಕಿವಿಗೊಡಲಿಲ್ಲ. ಅವರು ಕಿವಿಗೊಡಲು ಇನ್ನೂ ಮೂರು ದಶಕ ಬೇಕಾಯಿತು.

ಅದೇ ಉಪಕರಣದಲ್ಲಿ ನಿಯಾನ್ ಅನಿಲವನ್ನು ಪರೀಕ್ಷಿಸಿದಾಗ 20ರ ಗೆರೆಯ ಪಕ್ಕದಲ್ಲಿ, 22ರ ಸ್ಥಾನದಲ್ಲಿ, ಮಸುಕಾದ ಮತ್ತೊಂದು ಗೆರೆ ಮೂಡಿತು. ನಿಯಾನಿನ ಪರಮಾಣು ತೂಕ 20.2. ಹಾಗಾದರೆ 22 ಯಾವುದು? ಇಂಗಾಲದ ಡೈ ಆಕ್ಸೈಡಿನ ತೂಕ 44. ಅದರ ಅಣುವೊಂದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡರೆ ಎರಡು ಪಟ್ಟು ಬಲವಾಗಿ ಬಾಗಿ ಅರ್ಧ ತೂಕದ ಸ್ಥಾನಕ್ಕೆ, ಅಂದರೆ 22ಕ್ಕೇ ಬಂದು ಬೀಳುತ್ತದೆ. ಈ ಸಾಧ್ಯತೆಯನ್ನು ನಿವಾರಿಸಲು ಥಾಮ್ಸನ್ ಅನಿಲವನ್ನು ದ್ರವವಾಯುವಿನಲ್ಲಿ ಮುಳುಗಿಸಿದ ಕೊಳವೆಯ ಮೂಲಕ ನಿಧಾನವಾಗಿ ಹಾಯಿಸಿದರು. ಡೈ ಆಕ್ಸೈಡ್ ಅಲ್ಲಿಯೇ ಹೆಪ್ಪುಗಟ್ಟಿ ಉಳಿಯಿತು, 44ರ ಗೆರೆ ಸೊರಗಿತು, 22 ಮಾತ್ರ ಹಾಗೆಯೇ ನಿಂತಿತು. ಉಳಿದದ್ದು ಎರಡು ಉತ್ತರ: ಅದು ನಿಯಾನಿಗೆ ಎರಡು ಜಲಜನಕ ಅಂಟಿದ ಸಂಯುಕ್ತ, ಇಲ್ಲವೇ ಅದುವರೆಗೆ ಗೊತ್ತಿಲ್ಲದ ಧಾತು.

ಇದನ್ನು ಬಗೆಹರಿಸುವ ಹೊಣೆ ಆಸ್ಟನ್ನರಿಗೆ ಬಂತು. ಮೊದಲು ಅವರು ನಿಯಾನನ್ನು ತಂಪುಗೊಳಿಸಿದ ಇದ್ದಲಿನ ಮೇಲೆ ಮತ್ತೆ ಮತ್ತೆ ಹೀರಿಸಿ ಬಿಡಿಸಿ ನೋಡಿದರು. ಪ್ರಯೋಜನವಾಗಲಿಲ್ಲ. ಅನಂತರ ಜೇಡಿಮಣ್ಣಿನ ಕೊಳವೆಯ ಸೂಕ್ಷ್ಮ ರಂಧ್ರಗಳ ಮೂಲಕ ಸಾವಿರಾರು ಸಲ ಸೋಸಿದರು. ಹಗುರವಾದದ್ದು ಬೇಗ ಸೋರುತ್ತದೆ, ಭಾರವಾದದ್ದು ಹಿಂದುಳಿಯುತ್ತದೆ ಎಂಬುದು ಇಲ್ಲಿನ ತತ್ತ್ವ. ಅಷ್ಟು ಅಲ್ಪ ಅನಿಲದ ಸಾಂದ್ರತೆಯನ್ನು ಅಳೆಯಲು ಸ್ಫಟಿಕಶಿಲೆಯ ಎಳೆಗಳಿಂದ ಅತಿಸೂಕ್ಷ್ಮ ತಕ್ಕಡಿಯೊಂದನ್ನು ತಾವೇ ಕಟ್ಟಿದರು. ಕೊನೆಗೆ ದೊರೆತ ಎರಡು ಭಾಗಗಳ ಪರಮಾಣು ತೂಕ 20.15 ಮತ್ತು 20.28. ಅಂತರ ಕೂದಲೆಳೆಯಷ್ಟು. 1913ರಲ್ಲಿ ಇದನ್ನು ಪ್ರಕಟಿಸಿದಾಗ ಪೂರ್ಣವಾಗಿ ನಂಬಿದವರು ಕಡಿಮೆ. ಆದರೆ ಅದೇ ವರ್ಷ ಫ್ರೆಡರಿಕ್ ಸಾಡಿ, ರಾಸಾಯನಿಕವಾಗಿ ಬೇರ್ಪಡಿಸಲಾಗದ, ತೂಕದಲ್ಲಷ್ಟೇ ಬೇರೆಯಾದ ವಿಕಿರಣಶೀಲ ಪರಮಾಣುಗಳಿಗೆ ಐಸೋಟೋಪುಗಳೆಂಬ ಹೆಸರನ್ನು ಕೊಟ್ಟರು. ವಿಕಿರಣವೇ ಇಲ್ಲದ ನಿಯಾನಿನಲ್ಲೂ ಅಂಥ ಜೋಡಿ ಇದೆಯೇ ಎಂಬುದು ಈಗ ಪ್ರಶ್ನೆಯಾಯಿತು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಆಸ್ಟನ್ ಫಾರ್ನ್‌ಬರೋದ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಯ ಬಟ್ಟೆಗೆ ಬಳಿಯುವ ಲೇಪಗಳನ್ನು ಕುರಿತು ಕೆಲಸ ಮಾಡಿದರು. ಹಗಲು ಲೇಪ, ಸಂಜೆ ಸಹೋದ್ಯೋಗಿಗಳೊಂದಿಗೆ ಐಸೋಟೋಪು. ಮುಂದೆ ಚರ್ಚಿಲ್ಲರ ಸಲಹೆಗಾರರಾಗಿ ಹೆಸರಾದ ಲಿಂಡೆಮನ್ ಅಲ್ಲಿದ್ದರು, ನಿಯಾನಿನ ವಿಷಯದಲ್ಲಿ ಆಸ್ಟನ್ನರೊಂದಿಗೆ ವಾದಿಸುತ್ತಲೂ ಇದ್ದರು.

1919ರಲ್ಲಿ ಕೇಂಬ್ರಿಜಿಗೆ ಮರಳಿದ ಆಸ್ಟನ್ ಸೋಸುವ ದಾರಿಯನ್ನು ಕೈಬಿಟ್ಟು ಹೊಸ ಉಪಕರಣ ಕಟ್ಟಿದರು. ಥಾಮ್ಸನ್ನರ ಸಾಧನದಲ್ಲಿ ಒಂದೇ ತೂಕದ ಕಣಗಳು ವೇಗದ ವ್ಯತ್ಯಾಸದಿಂದಾಗಿ ಉದ್ದನೆಯ ಕಮಾನಾಗಿ ಹರಡಿಕೊಳ್ಳುತ್ತಿದ್ದವು. ಆಸ್ಟನ್ ವಿದ್ಯುತ್ ಕ್ಷೇತ್ರದಿಂದ ಕಣಗಳನ್ನು ಒಂದು ಕಡೆಗೆ ಬಾಗಿಸಿ, ಕಾಂತ ಕ್ಷೇತ್ರದಿಂದ ಅದರ ವಿರುದ್ಧ ದಿಕ್ಕಿಗೆ ತಿರುಗಿಸಿದರು. ಮಸೂರವೊಂದು ಬೆಳಕನ್ನು ಕೂಡಿಸುವಂತೆ, ವೇಗ ಯಾವುದೇ ಇರಲಿ, ಸಮಾನ ತೂಕದ ಕಣಗಳೆಲ್ಲ ಫಲಕದ ಮೇಲೆ ಒಂದೇ ಗೆರೆಯಲ್ಲಿ ಬಂದು ಸೇರಿದವು. ಈ ಉಪಕರಣಕ್ಕೆ ಅವರು ಮಾಸ್ ಸ್ಪೆಕ್ಟ್ರೋಗ್ರಾಫ್ ಎಂದು ಹೆಸರಿಟ್ಟರು. ಅದು ಸಾವಿರದಲ್ಲಿ ಒಂದು ಪಾಲಿನ ನಿಖರತೆಯಿಂದ ತೂಕವನ್ನು ಹೇಳಬಲ್ಲದಾಗಿತ್ತು. ನಿಯಾನ್ 20 ಮತ್ತು 22 ಎಂಬ ಎರಡು ಸ್ಪಷ್ಟ ಗೆರೆಗಳನ್ನು ಕೊಟ್ಟಿತು. 20.2ರಲ್ಲಿ ಏನೂ ಇರಲಿಲ್ಲ.

ಇಲ್ಲಿಂದಾಚೆಗೆ ಆಸ್ಟನ್ನರ ಮುಖ್ಯ ಕೆಲಸ ಓದುವುದು. ಫಲಕದ ಮೇಲೆ ಮೂಡುವ ಗೆರೆಗೆ ಹೆಸರಿರುವುದಿಲ್ಲ. ಪರಿಚಿತ ಗೆರೆಯಿಂದ ಅಪರಿಚಿತ ಗೆರೆಗೆ ಇರುವ ದೂರವನ್ನಷ್ಟೇ ಅಳೆಯಬಹುದು. ಹಾಗಾದರೆ ಪರಿಚಿತ ಗೆರೆ ಎಲ್ಲಿಂದ ಬರಬೇಕು? ಅದನ್ನು ಒದಗಿಸಿದ್ದು ಸಾವಯವ ವಸ್ತುಗಳು. ಉಪಕರಣದ ಕೀಲುಗಳಿಗೆ ಹಚ್ಚಿದ ಗ್ರೀಸು, ಮೇಣ ಇವುಗಳ ಆವಿ ಎಷ್ಟು ಪಂಪು ಮಾಡಿದರೂ ಒಳಗೆ ಉಳಿದೇ ಇರುತ್ತಿತ್ತು. ಬೇಕೆಂದಾಗ ಮೀಥೇನ್, ಇಂಗಾಲದ ಮಾನಾಕ್ಸೈಡ್ ಮುಂತಾದವನ್ನೂ ಸೇರಿಸಬಹುದಿತ್ತು. ಮೀಥೇನಿನಲ್ಲಿ ಒಂದು ಇಂಗಾಲ, ನಾಲ್ಕು ಜಲಜನಕ. ವಿದ್ಯುತ್ತಿನ ಹೊಡೆತಕ್ಕೆ ಜಲಜನಕಗಳು ಒಂದೊಂದಾಗಿ ಕಳಚುತ್ತವೆ. ಹಾಗಾಗಿ 16, 15, 14, 13, 12 ಎಂದು ಐದು ಗೆರೆಗಳು ಏಣಿಯ ಮೆಟ್ಟಿಲುಗಳಂತೆ ನಿಲ್ಲುತ್ತವೆ. ಎರಡು ಇಂಗಾಲಗಳಿರುವ ತುಣುಕುಗಳು 24ರಿಂದ 30ರವರೆಗೆ ಇನ್ನೊಂದು ಏಣಿಯನ್ನು ಹಾಕುತ್ತವೆ. ಈ ಏಣಿಗಳೇ ಆಸ್ಟನ್ನರ ಅಳತೆಗೋಲಾದವು. ಅಣುವೊಂದು ಎಲ್ಲಿ, ಹೇಗೆ ಮುರಿಯುತ್ತದೆ ಎಂಬ ವೃತ್ತಾಂತ ಆ ಮೆಟ್ಟಿಲುಗಳಲ್ಲೇ ಅಡಗಿತ್ತು. ಮುಂದೆ ಸಾವಯವ ರಸಾಯನಶಾಸ್ತ್ರಜ್ಞರು ಒಂದು ಶಾಸ್ತ್ರವನ್ನೇ ಕಟ್ಟಿದ್ದು ಇದರ ಮೇಲೆ. ಆಸ್ಟನ್ನರಿಗೆ ಮಾತ್ರ ಅದು ಮೊಳಕೋಲಿನ ಗುರುತುಗಳಷ್ಟೇ.

ಈಗ ಕ್ಲೋರಿನ್ನಿನ ವಿವಾದಕ್ಕೆ ಬರೋಣ. 37 ಎಂಬುದು 35ಕ್ಕೆ ಜಲಜನಕ ಸೇರಿದ್ದಲ್ಲ ಎಂಬುದಕ್ಕೆ ಆಸ್ಟನ್ ಒಂದೇ ಸಾಕ್ಷಿಯನ್ನು ನೆಚ್ಚಿಕೊಳ್ಳಲಿಲ್ಲ. 17.5 ಮತ್ತು 18.5ರಲ್ಲಿ ಎರಡು ಮಸುಕು ಗೆರೆಗಳಿದ್ದವು. ಇವು ಎರಡೆರಡು ಎಲೆಕ್ಟ್ರಾನು ಕಳೆದುಕೊಂಡ 35 ಮತ್ತು 37. ಒಂಟಿ ಪರಮಾಣುಗಳಲ್ಲಿ ಹೀಗಾಗುವುದು ಸಾಮಾನ್ಯ, ಅಣುಗಳಲ್ಲಿ ಅಪರೂಪ. ಇನ್ನು ಫಾಸ್ಜೀನ್ ಅನಿಲ. ಅದರ ಅಣುವಿನಲ್ಲಿ ಇಂಗಾಲ, ಆಮ್ಲಜನಕ ಮತ್ತು ಎರಡು ಕ್ಲೋರಿನ್ನುಗಳಿವೆ. ಒಂದು ಕ್ಲೋರಿನ್ ಕಳಚಿದ ತುಣುಕು 63 ಮತ್ತು 65ರಲ್ಲಿ ಎರಡಾಗಿ ಕಾಣಿಸಿತು. 28ರ ಮಾನಾಕ್ಸೈಡಿಗೆ 35 ಸೇರಿದರೆ 63, 37 ಸೇರಿದರೆ 65. ಜಲಜನಕವೇ ಇಲ್ಲದ ಸಂಯುಕ್ತದಲ್ಲೂ ಜೋಡಿ ಉಳಿದುಕೊಂಡಿತ್ತು. ಕೊನೆಯದಾಗಿ ಅವರು ಋಣ ಆವೇಶದ ಕಣಗಳ ಚಿತ್ರವನ್ನು ತೆಗೆದರು. ಅದರಲ್ಲಿ 35 ಮತ್ತು 37 ಮಾತ್ರ ಇದ್ದವು, 36 ಮತ್ತು 38 ಮಾಯವಾಗಿದ್ದವು. ಅಂದರೆ 36, 38 ಇವು ಎರಡು ಬಗೆಯ ಕ್ಲೋರಿನ್ನಿಗೆ ಒಂದೊಂದು ಜಲಜನಕ ಸೇರಿದ ಹೈಡ್ರೋಕ್ಲೋರಿಕ್ ಆಮ್ಲದ ಅಣುಗಳು.

ಗೆರೆಯ ಸ್ಥಾನವೊಂದನ್ನೇ ನಂಬದೆ, ಅದೇ ಪರಮಾಣು ಬೇರೆ ಬೇರೆ ತುಣುಕುಗಳಲ್ಲಿ ಹೇಗೆ ಮತ್ತೆ ಮತ್ತೆ ತಲೆಯೆತ್ತುತ್ತದೆ ಎಂದು ನೋಡುವ ಈ ಕ್ರಮವೇ ಇಂದಿನ ವಿದ್ಯಾರ್ಥಿಯೂ ಅನುಸರಿಸುವ ಕ್ರಮ. ಕ್ಲೋರೋಬೆಂಜೀನಿನ ರೋಹಿತವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ 112 ಮತ್ತು 114ರಲ್ಲಿ ಮೂರಕ್ಕೆ ಒಂದರ ಎತ್ತರದಲ್ಲಿ ಎರಡು ಗೆರೆಗಳು ನಿಂತಿರುತ್ತವೆ. ಇದು ಒಂದು ಕ್ಲೋರಿನ್ ಪರಮಾಣುವಿನ ಮುದ್ರೆ. ಕೆಳಗೆ 77ರಲ್ಲಿ ಬಲವಾದ ಗೆರೆಯೊಂದಿದ್ದು, ಅದಕ್ಕೆ 79ರಲ್ಲಿ ಅಂಥ ಜೊತೆಗಾರನಿರುವುದಿಲ್ಲ. ಕ್ಲೋರಿನ್ ಕಳಚಿಹೋಗಿ ಬೆಂಜೀನಿನ ಉಂಗುರ ಮಾತ್ರ ಉಳಿದಿದೆ ಎಂದು ನೋಡಿದೊಡನೆ ತಿಳಿಯುತ್ತದೆ. ಬ್ರೋಮಿನ್ನಿನ ಮುದ್ರೆ ಇನ್ನೂ ಸ್ಫುಟ. ಅದರ ಪರಮಾಣು ತೂಕ ಸುಮಾರು 80 ಆಗಿದ್ದರಿಂದ ಅದು ಒಂದೇ ಬಗೆಯದಿರಬೇಕೆಂದು ಯಾರಾದರೂ ಊಹಿಸಬಹುದಿತ್ತು. ಆಸ್ಟನ್ನರ ಫಲಕದಲ್ಲಿ 80ರ ಸ್ಥಾನ ಖಾಲಿ. 79 ಮತ್ತು 81ರಲ್ಲಿ ಹೆಚ್ಚುಕಡಿಮೆ ಸಮಾನವಾದ ಅವಳಿ ಗೆರೆಗಳಿದ್ದವು.

ವಿವಾದ ಹೆಚ್ಚು ಕಾಲ ಉಳಿಯಲಿಲ್ಲ. 1921ರಲ್ಲೇ ಆಸ್ಟನ್ ರಾಯಲ್ ಸೊಸೈಟಿಯ ಸದಸ್ಯರಾದರು. ಮರುವರ್ಷ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಹಿಂದಿನ ವರ್ಷದಿಂದ ಬಾಕಿಯಿದ್ದ ಬಹುಮಾನ ಸಾಡಿಯವರಿಗೆ ಸಂದದ್ದೂ ಆಗಲೇ. ಭೌತಶಾಸ್ತ್ರದ ಬಹುಮಾನ ನೀಲ್ಸ್ ಬೋರ್ ಅವರದಾಗಿತ್ತು. ಪರಮಾಣುಗಳ ತೂಕವೆಲ್ಲ ಪೂರ್ಣಾಂಕಗಳ ಹತ್ತಿರವೇ ಇರುತ್ತದೆ ಎಂಬ ಆಸ್ಟನ್ನರ ನಿಯಮ ಒಂದು ಶತಮಾನದ ಗೊಂದಲವನ್ನು ಬಗೆಹರಿಸಿತ್ತು. ಅವರು ತಮ್ಮ ಜೀವಿತದಲ್ಲಿ ಗುರುತಿಸಿದ ಐಸೋಟೋಪುಗಳು 212.

ಇಷ್ಟು ಸೂಕ್ಷ್ಮವಾಗಿ ಓದಬಲ್ಲವರೂ ಎಡವಿದ್ದುಂಟು. ಆಸ್ಟನ್ನರ ಪಟ್ಟಿಯಲ್ಲಿ ಇಂಗಾಲ ಮತ್ತು ಆಮ್ಲಜನಕ ಒಂದೇ ಬಗೆಯ ಪರಮಾಣುಗಳಿರುವ ಸರಳ ಧಾತುಗಳು. ವಾಸ್ತವದಲ್ಲಿ ನೂರು ಇಂಗಾಲ ಪರಮಾಣುಗಳಲ್ಲಿ ಒಂದು 13ರ ತೂಕದ್ದು. ಆದರೆ 13ರ ಸ್ಥಾನದಲ್ಲಿ, ಇಂಗಾಲಕ್ಕೆ ಒಂದು ಜಲಜನಕ ಸೇರಿದ ತುಣುಕಿನ ಗೆರೆ ಯಾವಾಗಲೂ ಕುಳಿತಿರುತ್ತಿತ್ತು. ಆಮ್ಲಜನಕದ 17 ಮತ್ತು 18 ಕೂಡ ನೀರಿನ ಅಣು ಮತ್ತು ಅದರ ತುಣುಕಿನ ಗೆರೆಗಳ ಕೆಳಗೆ ಮರೆಯಾಗಿದ್ದವು. ಅಳತೆಗೋಲೇ ಕಣ್ಣಿಗೆ ಅಡ್ಡವಾಗಿತ್ತು ಎನ್ನಬೇಕು. ಕ್ಲೋರಿನ್ನಿನಲ್ಲಿ ಜಲಜನಕದ ಮೋಸವನ್ನು ಬಿಡಿಸಿದವರನ್ನೇ ಇಂಗಾಲದಲ್ಲಿ ಅದೇ ಜಲಜನಕ ವಂಚಿಸಿತು. 1929ರಲ್ಲಿ ಅಮೆರಿಕದ ವಿಜ್ಞಾನಿಗಳು ಬೆಳಕಿನ ರೋಹಿತದ ಮೂಲಕ ಈ ಐಸೋಟೋಪುಗಳನ್ನೆಲ್ಲ ಪತ್ತೆ ಮಾಡಿದರು. ಇಂದು ಅಣುವಿನ ಮುಖ್ಯ ಗೆರೆಯ ಪಕ್ಕದಲ್ಲಿ ನಿಲ್ಲುವ ಆ 13ರ ಪುಟ್ಟ ಗೆರೆಯ ಎತ್ತರದಿಂದಲೇ ಅಣುವಿನಲ್ಲಿ ಎಷ್ಟು ಇಂಗಾಲಗಳಿವೆ ಎಂದು ಲೆಕ್ಕ ಹಾಕುತ್ತಾರೆ.

ಈ ತಪ್ಪಿಗೆ ಒಂದು ವಿಚಿತ್ರ ಫಲವೂ ದೊರೆಯಿತು. 1927ರ ತಮ್ಮ ಎರಡನೆಯ, ಹತ್ತುಸಾವಿರದಲ್ಲಿ ಒಂದು ಪಾಲು ನಿಖರವಾದ ಉಪಕರಣದಿಂದ ಆಸ್ಟನ್ ಜಲಜನಕದ ತೂಕವನ್ನು 1.00778 ಎಂದು ಅಳೆದರು. ಅದು ರಸಾಯನಶಾಸ್ತ್ರಜ್ಞರ ಲೆಕ್ಕಕ್ಕೆ ಹೊಂದುತ್ತಿತ್ತು. ಆದರೆ ಆಮ್ಲಜನಕಕ್ಕೆ ಭಾರವಾದ ಐಸೋಟೋಪುಗಳಿವೆ ಎಂದು ತಿಳಿದ ಮೇಲೆ ಎರಡೂ ಲೆಕ್ಕ ಸರಿ ಇರುವುದು ಅಸಾಧ್ಯವಾಯಿತು. ಜಲಜನಕಕ್ಕೂ ಭಾರವಾದ ಐಸೋಟೋಪು ಇರಲೇಬೇಕೆಂದು ಬರ್ಜ್ ಮತ್ತು ಮೆನ್ಜೆಲ್ ಸೂಚಿಸಿದರು. ಹೆರಾಲ್ಡ್ ಯೂರಿ ಅದನ್ನು ಹುಡುಕಿ 1931ರ ಕೊನೆಯಲ್ಲಿ ಡ್ಯುಟೀರಿಯಂ ಕಂಡುಹಿಡಿದರು, 1934ರಲ್ಲಿ ನೊಬೆಲ್ ಪಡೆದರು. ಆಸ್ಟನ್ ಮತ್ತೆ ಅಳೆದಾಗ ಜಲಜನಕದ ತೂಕ ಸುಮಾರು 1.0081 ಎಂದು ತಿಳಿಯಿತು. ಮೊದಲಿನ ಅಂಕಿ ತಪ್ಪಾಗಿತ್ತು. ಅದು ಸರಿಯಾಗಿದ್ದಿದ್ದರೆ ಡ್ಯುಟೀರಿಯಮ್ಮಿನ ಹುಡುಕಾಟಕ್ಕೆ ಆ ಕಾರಣವೇ ಇರುತ್ತಿರಲಿಲ್ಲ. ಯೂರಿ ತಮ್ಮ ನೊಬೆಲ್ ಉಪನ್ಯಾಸದ ಅನುಬಂಧದಲ್ಲಿ ಇದನ್ನು ಪ್ರಾಂಜಲವಾಗಿ ದಾಖಲಿಸಿದ್ದಾರೆ.

ಪ್ರಯೋಗಾಲಯದ ಹೊರಗಿನ ಆಸ್ಟನ್ ಬಹುಬಗೆಯ ಮನುಷ್ಯ. ಮದುವೆಯಾಗಲಿಲ್ಲ, ಟ್ರಿನಿಟಿ ಕಾಲೇಜಿನಲ್ಲೇ ವಾಸ. ಪಿಯಾನೋ, ಪಿಟೀಲು, ಚೆಲ್ಲೋ ನುಡಿಸುತ್ತಿದ್ದರು. ಹಿಮದ ಮೇಲೆ ಜಾರುವ ಆಟ, ಟೆನಿಸ್, ಮೋಟಾರು ವಾಹನಗಳೆಂದರೆ ಪ್ರಾಣ. 1909ರ ಪ್ರವಾಸದಲ್ಲಿ ಹೊನೊಲುಲುವಿನಲ್ಲಿ ಅಲೆಗಳ ಮೇಲೆ ಹಲಗೆಯೇರಿ ಸಾಗುವುದನ್ನೂ ಕಲಿತಿದ್ದರು. ಭಾನುವಾರ ರುದರ್‌ಫರ್ಡ್, ಫೌಲರ್, ಟೇಲರ್ ಅವರೊಂದಿಗೆ ಗಾಲ್ಫ್. ಆಟಕ್ಕಿಂತ ಮಾತು ಹೆಚ್ಚೆಂದು ಆ ನಾಲ್ವರ ತಂಡ ಹೆಸರಾಗಿತ್ತು. ಸೂರ್ಯಗ್ರಹಣಗಳನ್ನು ನೋಡಲು 1926ರಲ್ಲಿ ಸುಮಾತ್ರಕ್ಕೆ, 1932ರಲ್ಲಿ ಕೆನಡಾಕ್ಕೆ, 1936ರಲ್ಲಿ ಜಪಾನಿಗೆ ಹೋದರು. ಅವರ ಸಂಪತ್ತಿನ ಬಹುಭಾಗ ಟ್ರಿನಿಟಿಗೆ ಸಂದಿತು. ಗಣಿತದಲ್ಲಿ ಅವರದು ದೊಡ್ಡ ಹೆಸರಲ್ಲ. ಉಪಕರಣದ ಸಿದ್ಧಾಂತಕ್ಕೆ ಫೌಲರ್ ನೆರವಾದರು. ಬೆರಳುಗಳ ಕೌಶಲ ಮತ್ತು ತಾಳ್ಮೆಯಲ್ಲಿ ಮಾತ್ರ ಅವರಿಗೆ ಸಾಟಿಯಿಲ್ಲ.

ನಾಲ್ಕು ಜಲಜನಕಗಳ ತೂಕಕ್ಕಿಂತ ಒಂದು ಹೀಲಿಯಂ ತುಸು ಹಗುರವೆಂದು ತೋರಿಸಿದ್ದು ಅವರ ಅಳತೆ. ಎಡಿಂಗ್ಟನ್ 1920ರಲ್ಲಿ ಅದನ್ನೇ ಆಧರಿಸಿ ನಕ್ಷತ್ರಗಳ ಶಕ್ತಿಯ ಮೂಲವನ್ನು ಊಹಿಸಿದರು. ಈ ಶಕ್ತಿ ಮನುಷ್ಯನ ಕೈಗೆ ಸಿಕ್ಕಿ ಹತೋಟಿ ತಪ್ಪಿದರೆ ಏನಾದೀತೆಂದು ಆಸ್ಟನ್ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು. 1945ರ ಆಗಸ್ಟಿನಲ್ಲಿ ಹಿರೋಶಿಮಾದ ಮೇಲೆ ಪರಮಾಣು ಬಾಂಬು ಬಿದ್ದ ಸುದ್ದಿ ಬಂದಾಗ ಅವರು ಬದುಕಿದ್ದರು. ಅದೇ ವರ್ಷ ನವೆಂಬರ್ 20ರಂದು ಕೇಂಬ್ರಿಜಿನಲ್ಲಿ ತೀರಿಕೊಂಡರು. ಗುರು ಥಾಮ್ಸನ್ 1940ರಲ್ಲೇ ನಿಧನರಾಗಿದ್ದರು.

ಆ ಹೊತ್ತಿಗೆ ಅಮೆರಿಕದ ತೈಲ ಶುದ್ಧೀಕರಣ ಘಟಕಗಳು ಹೈಡ್ರೋಕಾರ್ಬನ್ನುಗಳ ಮಿಶ್ರಣವನ್ನು ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರುಗಳನ್ನು ಕೊಳ್ಳತೊಡಗಿದ್ದವು. ಥಾಮ್ಸನ್ 1913ರಲ್ಲಿ ಬಯಸಿದ್ದು ಹೀಗೆ ಪೆಟ್ರೋಲಿನ ಮೂಲಕ ಕೈಗೂಡಿತು. ಆದರೂ ಅಪರಿಚಿತ ಅಣುವಿನ ಗುರುತು ಹಿಡಿಯುವುದು ಕಷ್ಟವೇ ಆಗಿತ್ತು. 28ರಲ್ಲಿ ಗೆರೆ ಕಂಡರೆ ಅದು ಸಾರಜನಕವೋ, ಇಂಗಾಲದ ಮಾನಾಕ್ಸೈಡೋ, ಎಥಿಲೀನೋ? ಆಸ್ಟನ್ನರ ನಂತರದ ಉಪಕರಣಗಳು 16ರಲ್ಲಿ ಆಮ್ಲಜನಕ ಮತ್ತು ಮೀಥೇನಿನ ಗೆರೆಗಳನ್ನು ಬಿಡಿಸಿ ತೋರಿಸಿದ್ದವು. 1937ರ ಮೂರನೆಯ ಉಪಕರಣವಂತೂ ಲಕ್ಷದಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಅಳೆಯಬಲ್ಲದಾಗಿತ್ತು. ಅವರಿಗೆ ಬೇಕಾಗಿದ್ದುದು ಪರಮಾಣುವಿನ ತೂಕವಷ್ಟೇ. ಅದೇ ಸೂಕ್ಷ್ಮತೆಯನ್ನು ಅಣುಗಳ ಗುರುತಿಗೆ ಬಳಸಬಹುದೆಂದು 1950ರ ದಶಕದಲ್ಲಿ ತೋರಿಸಿದವರು ಮ್ಯಾಂಚೆಸ್ಟರಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಬೇನನ್. ಇಂದಿನ ಮಾನದಲ್ಲಿ ಮಾನಾಕ್ಸೈಡ್ 27.9949, ಸಾರಜನಕ 28.0061, ಎಥಿಲೀನ್ 28.0313. ದಶಮಾಂಶಗಳನ್ನು ಓದಬಲ್ಲವರಿಗೆ 28 ಎಂಬುದು ಮೂರು ಬೇರೆ ಗೆರೆಗಳು.

ಇಂದಿನ ಮಾನವೆಂದರೆ 1961ರಿಂದ ರಸಾಯನಶಾಸ್ತ್ರಜ್ಞರೂ ಭೌತವಿಜ್ಞಾನಿಗಳೂ ಒಟ್ಟಾಗಿ ಒಪ್ಪಿಕೊಂಡದ್ದು. ಅದುವರೆಗೆ ಪರಮಾಣು ತೂಕಗಳಿಗೆ ಆಮ್ಲಜನಕ ಆಧಾರವಾಗಿತ್ತು. ಹೊಸ ಆಧಾರವಾಗಿ ಆರಿಸಿದ್ದು ಆಸ್ಟನ್ನರ ಫಲಕಗಳಲ್ಲಿ ಗ್ರೀಸಿನ ಆವಿಯಿಂದ ಮೂಡುತ್ತಿದ್ದ ಏಣಿಯ ಕೊನೆಯ ಮೆಟ್ಟಿಲಾದ ಇಂಗಾಲ 12ನ್ನು.